ಕಾಣಿಸಿದ ಮೈ, ಕೇಳಿಸದ ದನಿ



ಒಬ್ಬ ಕಲಾವಿದನ ಮೊದಲ ಕೃತಿಯ ಹಿಂದೆ ಅವನು ಅದುವರೆಗೆ ಬಾಳಿದ ಅಷ್ಟೂ ವರ್ಷಗಳ ಗಳಿಕೆ ಇರುತ್ತದೆ. ಎರಡನೆಯ ಕೃತಿಗೆ ಆ ಅನುಕೂಲವಿಲ್ಲ. ಮೊದಲನೆಯದು ಬರುವವರೆಗೆ ಅವನಿಗಾಗಿ ಯಾರೂ ಕಾದಿರುವುದಿಲ್ಲ; ಎರಡನೆಯದಕ್ಕೆ ಎಲ್ಲರೂ ಕಾದು ಕುಳಿತಿರುತ್ತಾರೆ. ಹಾಗೆ ಕಾದವರಿಗೆ ಬೇಕಾದದ್ದು ಹೊಸದಲ್ಲ, ಮೊದಲನೆಯದೇ ಇನ್ನೊಮ್ಮೆ. ಒಂದು ಸಂಕಲನ ತಂದು ಹೆಸರು ಪಡೆದ ನಮ್ಮ ಕವಿಗಳಿಗೂ ಈ ಸಂಕಟ ಗೊತ್ತು. ಈ ಸಂಕಟವನ್ನು ಐದು ವರ್ಷ ಹೊತ್ತು, ಕಾದವರ ನಿರೀಕ್ಷೆಯನ್ನು ಪಕ್ಕಕ್ಕಿಟ್ಟು, ತನ್ನ ಕಿವಿ ಕರೆದ ದಾರಿಯಲ್ಲಿ ನಡೆದ ಒಬ್ಬ ಅಮೆರಿಕನ್ ಗಾಯಕನ ವಿಷಯವನ್ನು ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ಆತನ ಹೆಸರು ಡಿ'ಆಂಜೆಲೊ. ಎರಡನೆಯ ಆಲ್ಬಮ್ಮಿನ ಹೆಸರು 'ವೂಡೂ'. ಅದು ಹೊರಬಂದದ್ದು 2000ದ ಜನವರಿ 25ರಂದು. ಗಾಯಕ ತೀರಿಕೊಂಡದ್ದು 2025ರ ಅಕ್ಟೋಬರ್ 14ರಂದು, ಕ್ಯಾನ್ಸರಿನಿಂದ, 51ನೆಯ ವಯಸ್ಸಿನಲ್ಲಿ.

ಈ ವಿಷಯವನ್ನು ರೇಡಿಯೊದಲ್ಲಿ ಮಾತನಾಡುವುದು ಉಚಿತವೆಂದು ನನಗೆ ತೋರುವುದಕ್ಕೆ ಒಂದು ಕಾರಣವಿದೆ. ಈ ಗಾಯಕನನ್ನು ಜಗತ್ತು ನೋಡಿತು. ಬೇಕಾದದ್ದಕ್ಕಿಂತ ಹೆಚ್ಚಾಗಿಯೇ ನೋಡಿತು. ಕೇಳಿದ್ದು ಕಡಿಮೆ. ಕಣ್ಣಿಗೆ ಕೆಲಸವಿಲ್ಲದ ಈ ಮಾಧ್ಯಮದಲ್ಲಿ ಆತನ ಪ್ರಸ್ತಾಪ ಬಂದರೆ ಆ ಲೆಕ್ಕ ಸ್ವಲ್ಪವಾದರೂ ಸರಿಹೋದೀತು.

ಮೊದಲು ಆತನ ಸಂಗೀತದ ಕುಲವನ್ನು ಹೇಳಬೇಕು. ಅದನ್ನು ಸೋಲ್ ಸಂಗೀತ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಮಾತಿಗೆ ಆತ್ಮ ಎಂದು ಅರ್ಥ. ಕನ್ನಡದ ಕಿವಿಗೆ ಅದು ಸೋಲು ಎಂದು ಕೇಳಿಸುತ್ತದೆ. ಹಾಡಿಗೆ ಮನಸೋತೆವು ಎನ್ನುವ ಜನ ನಾವಾದ್ದರಿಂದ ಹಾಗೆ ಕೇಳಿಸಿದರೂ ನಷ್ಟವಿಲ್ಲ. ಅಮೆರಿಕದ ಕಪ್ಪು ಜನರ ಇಗರ್ಜಿಗಳಲ್ಲಿ ದೇವರನ್ನು ಕುರಿತು ಹಾಡುತ್ತಿದ್ದ ಧಾಟಿಗಳು, ಆ ಕೂಗು, ಆ ಬಿಕ್ಕು, ಆ ಚಪ್ಪಾಳೆ, ಎಲ್ಲವೂ ಇಗರ್ಜಿಯ ಬಾಗಿಲು ದಾಟಿ ಬೀದಿಗೆ ಬಂದು, ಹೆಣ್ಣು ಗಂಡಿನ ಪ್ರೇಮವನ್ನು ಹಾಡತೊಡಗಿದಾಗ ಈ ಸಂಗೀತ ಹುಟ್ಟಿತು. 1954ರಲ್ಲಿ ರೇ ಚಾರ್ಲ್ಸ್ ಎಂಬ ಕುರುಡ ಗಾಯಕ ಒಂದು ಭಕ್ತಿಗೀತೆಯ ಧಾಟಿಗೆ ಪ್ರೇಯಸಿಯನ್ನು ಕುರಿತ ಮಾತುಗಳನ್ನು ಕೂಡಿಸಿ ಹಾಡಿದ. ಕೇಳಿದವರಲ್ಲಿ ಅನೇಕರಿಗೆ ರೋಮಾಂಚನವಾಯಿತು, ಅನೇಕರಿಗೆ ಇದು ದೈವದ್ರೋಹವೆನಿಸಿತು. 1957ರಲ್ಲಿ ಭಕ್ತಿಗಾಯನದ ತಾರೆಯಾಗಿದ್ದ ಸ್ಯಾಮ್ ಕುಕ್ ಲೌಕಿಕ ಗೀತೆಗಳ ಕಡೆ ಬಂದ. ಮುಂದೆ ಆಲ್ ಗ್ರೀನ್ ಎಂಬ ಮಹಾಗಾಯಕ ತಿರುಗುಮುಖವಾಗಿ ನಡೆದು, 1976ರಲ್ಲಿ ಮೆಂಫಿಸ್ ನಗರದಲ್ಲಿ ತಾನೇ ಒಂದು ಇಗರ್ಜಿಯ ಪಾದ್ರಿಯಾದ. ಸೋಲ್ ಗಾಯಕರ ಚರಿತ್ರೆಯೆಲ್ಲ ಹೀಗೆ ಒಂದು ಹೊಸ್ತಿಲ ಆಚೆ ಈಚೆ ನಡೆದಾಡಿದ ಚರಿತ್ರೆ.

ನಮಗೆ ಈ ಹೊಸ್ತಿಲು ಪೂರ್ತಿ ಅಪರಿಚಿತವಲ್ಲ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಕರೆದಾಗ ನಾವು ಅಚ್ಚರಿಪಡುವುದಿಲ್ಲ. ಶರಣ ಸತಿ, ಲಿಂಗ ಪತಿ ಎಂಬ ಭಾವದಲ್ಲಿ ದೇಹದ ಭಾಷೆಯೇ ಭಕ್ತಿಯ ಭಾಷೆ. ನಮ್ಮಲ್ಲಿ ಶೃಂಗಾರದ ಮಾತು ಗುಡಿಯ ಒಳಕ್ಕೆ ಹೋಯಿತು. ಅವರಲ್ಲಿ ಭಕ್ತಿಯ ದನಿ ಇಗರ್ಜಿಯಿಂದ ಹೊರಕ್ಕೆ ಬಂತು. ಆದರೆ ಹಾಗೆ ಹೊರಬಂದವನಿಗೆ ಮನೆಯವರ ಮುಖ ನೋಡುವುದು ಸುಲಭವಾಗಿರಲಿಲ್ಲ. ಈ ಅಳುಕು ಸೋಲ್ ಸಂಗೀತದ ದನಿಯಲ್ಲೇ ಇದೆ.

ಡಿ'ಆಂಜೆಲೊನ ನಿಜನಾಮ ಮೈಕಲ್ ಯೂಜೀನ್ ಆರ್ಚರ್. 1974ರ ಫೆಬ್ರವರಿ 11ರಂದು ವರ್ಜೀನಿಯ ರಾಜ್ಯದ ರಿಚ್‌ಮಂಡ್ ನಗರದಲ್ಲಿ ಹುಟ್ಟಿದ. ತಂದೆ ಪೆಂಟಕಾಸ್ಟಲ್ ಪಂಥದ ಬೋಧಕ. ಪವಿತ್ರಾತ್ಮ ಭಕ್ತನ ಮೈಮೇಲೆ ಇಳಿದು ಬರುತ್ತದೆ, ಅವನನ್ನು ಕುಣಿಸುತ್ತದೆ, ಅರಿಯದ ಭಾಷೆಯಲ್ಲಿ ನುಡಿಸುತ್ತದೆ ಎಂದು ನಂಬುವ ಪಂಥ ಅದು. ಅಲ್ಲಿ ಸಂಗೀತವೆಂದರೆ ಕುಳಿತು ಕೇಳುವ ವಸ್ತುವಲ್ಲ, ಮೈಗೆ ಬರುವ ವಸ್ತು. ಈ ಹುಡುಗ ಎಳೆತನದಲ್ಲೇ ಆ ಆವರಣದಲ್ಲಿ ಪಿಯಾನೊ ನುಡಿಸಲು ಕಲಿತ. ಹದಿಹರೆಯದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಅಪೊಲೊ ರಂಗಮಂದಿರದ ಹವ್ಯಾಸಿಗಳ ಸ್ಪರ್ಧೆಯಲ್ಲಿ ಗೆದ್ದ. 1995ರಲ್ಲಿ, 21ನೆಯ ವಯಸ್ಸಿನಲ್ಲಿ, 'ಬ್ರೌನ್ ಶುಗರ್' ಎಂಬ ಮೊದಲ ಆಲ್ಬಂ ತಂದ. ಅದು ಸೊಗಸಾದ, ನಯವಾದ, ಯಾರನ್ನೂ ನೋಯಿಸದ ಆಲ್ಬಂ. ಜನ ಮೆಚ್ಚಿದರು. ಹಳೆಯ ಸೋಲ್ ಗಾಯಕರ ವಾರಸುದಾರ ಬಂದನೆಂದರು. ಆಮೇಲೆ ಐದು ವರ್ಷ ಹೊಸ ಆಲ್ಬಂ ಬರಲಿಲ್ಲ.

ಆ ಅವಧಿಯ ಹೆಚ್ಚು ಭಾಗ ಕಳೆದದ್ದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿರುವ ಎಲೆಕ್ಟ್ರಿಕ್ ಲೇಡಿ ಎಂಬ ಧ್ವನಿಮುದ್ರಣಾಲಯದಲ್ಲಿ. ಗಿಟಾರಿನ ಮಾಂತ್ರಿಕನೆನಿಸಿದ್ದ ಜಿಮಿ ಹೆಂಡ್ರಿಕ್ಸ್ ತನಗಾಗಿ ಕಟ್ಟಿಸಿಕೊಂಡ ಮುದ್ರಣಾಲಯ ಅದು. 1970ರ ಆಗಸ್ಟಿನಲ್ಲಿ ಅದು ತೆರೆಯಿತು. ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 18ರಂದು, ಹೆಂಡ್ರಿಕ್ಸ್ ತೀರಿಕೊಂಡ. ಆ ಮನೆಯೊಳಗೆ ಡಿ'ಆಂಜೆಲೊ ಮತ್ತು ಗೆಳೆಯರು ಸೇರಿದರು. ಫಿಲಡೆಲ್ಫಿಯದ ಡ್ರಮ್ ವಾದಕ ಕ್ವೆಸ್ಟ್‌ಲವ್, ವೇಲ್ಸ್‌ನಿಂದ ಬಂದ ಬೇಸ್ ಗಿಟಾರು ವಾದಕ ಪೀನೊ ಪಲ್ಲಡೀನೊ, ಕೀಲಿಮಣೆಯ ಜೇಮ್ಸ್ ಪಾಯ್ಸರ್, ಕಹಳೆಯ ರಾಯ್ ಹಾರ್‌ಗ್ರೋವ್, ಎಂಟು ತಂತಿಯ ಗಿಟಾರಿನಲ್ಲಿ ಮಂದ್ರವನ್ನೂ ಮೇಲಿನ ಸ್ವರಗಳನ್ನೂ ಒಬ್ಬನೇ ಏಕಕಾಲಕ್ಕೆ ನುಡಿಸಬಲ್ಲ ಚಾರ್ಲಿ ಹಂಟರ್. ಧ್ವನಿಮುದ್ರಣದ ಹೊಣೆ ರಸೆಲ್ ಎಲವಾಡೊನದು. ಜಗತ್ತೆಲ್ಲ ಕಂಪ್ಯೂಟರಿಗೆ ತಿರುಗುತ್ತಿದ್ದ ಕಾಲದಲ್ಲಿ ಆತ ಹಳೆಯ ಉಪಕರಣಗಳನ್ನೇ ಹುಡುಕಿ ತಂದು, ಟೇಪಿನ ಮೇಲೆಯೇ ಮುದ್ರಿಸಿದ.

ಅವರ ಕೆಲಸದ ರೀತಿ ನಮ್ಮ ಗುರುಕುಲವನ್ನು ನೆನಪಿಗೆ ತರುತ್ತದೆ. ಹಿಂದಿನ ಮಹನೀಯರ ಸಂಗೀತಗೋಷ್ಠಿಗಳ ಚಿತ್ರಸುರುಳಿಗಳನ್ನು ಹಾಕಿ ನೋಡುವುದು, ಪ್ರಿನ್ಸ್ ಮೊದಲಾದವರ ಹಳೆಯ ಆಲ್ಬಮ್ಮನ್ನು ತೆಗೆದುಕೊಂಡು ಗಂಟೆಗಟ್ಟಲೆ ನುಡಿಸುವುದು. ಹಾಗೆ ನುಡಿಸುತ್ತಾ ನುಡಿಸುತ್ತಾ ಎಲ್ಲೋ ಒಂದು ತಿರುವಿನಲ್ಲಿ ಹಳೆಯದು ಕೈಬಿಟ್ಟು ಹೊಸದೊಂದು ಕೈಗೆ ಸಿಗುತ್ತಿತ್ತು, ಅದನ್ನು ಹಿಡಿದುಕೊಳ್ಳುತ್ತಿದ್ದರು. ಹಿರಿಯರ ದಾರಿಯಲ್ಲಿ ಸಾಕಷ್ಟು ದೂರ ನಡೆದವನಿಗೇ ಆ ದಾರಿ ಎಲ್ಲಿ ಮುಗಿಯುತ್ತದೆಂದು ತಿಳಿಯುವುದು. ಅದೇ ಕಾಲದಲ್ಲಿ ಅದೇ ಕಟ್ಟಡದಲ್ಲಿ ಎರಿಕಾ ಬಾಡು ಎಂಬ ಗಾಯಕಿ, ಕಾಮನ್ ಎಂಬ ರ‍್ಯಾಪ್ ಕವಿ ತಮ್ಮ ಆಲ್ಬಮ್ಮುಗಳ ಕೆಲಸದಲ್ಲಿದ್ದರು. ವಾದಕರು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಿಬರುತ್ತಿದ್ದರು.

ಈಗ ಈ ಆಲ್ಬಮ್ಮಿನ ನಿಜವಾದ ಸಾಹಸಕ್ಕೆ ಬರೋಣ. ಅದು ಇರುವುದು ಲಯದಲ್ಲಿ.

ತೊಡೆಯ ಮೇಲೆ ತಾಳ ಹಾಕಿಕೊಂಡು ಸಂಗೀತ ಕೇಳುವುದು ನನ್ನ ಅಭ್ಯಾಸ. 'ವೂಡೂ'ವಿನ ಮೊದಲ ಹಾಡಿಗೆ ಹಾಗೆ ತಾಳ ಹಾಕಿದರೆ ಕೆಲವೇ ಆವರ್ತಗಳಲ್ಲಿ ಕೈ ಅನುಮಾನಿಸತೊಡಗುತ್ತದೆ. ಲೆಕ್ಕ ಕಷ್ಟದ್ದಲ್ಲ, ಸರಳವಾದ ನಾಲ್ಕು ಎಣಿಕೆ. ಆದರೆ ಪೆಟ್ಟು ಬೀಳಬೇಕಾದಲ್ಲಿ ಬೀಳುವುದಿಲ್ಲ. ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಡ್ರಮ್ಮಿಗಿಂತ ಬೇಸ್ ಗಿಟಾರು ಇನ್ನೂ ತಡ. ಬೇಸಿಗಿಂತ ದನಿ ಇನ್ನೂ ತಡ. ಎಲ್ಲರೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದಾರೆ, ಆದರೆ ಹೆಜ್ಜೆಗಳು ಕೂಡುವುದಿಲ್ಲ. ಹಾಗಿದ್ದೂ ಯಾರೂ ಎಡವುವುದಿಲ್ಲ.

ನಮ್ಮ ಶಾಸ್ತ್ರದಲ್ಲಿ ಸಮ, ಅತೀತ, ಅನಾಗತ ಎಂಬ ಎಡುಪುಗಳಿವೆ. ತಾಳ ಹೊರಟ ಮೇಲೆ ಹಾಡು ಹೊರಟರೆ ಅನಾಗತ. ಆದರೆ ಅದು ಎಣಿಕೆಗೆ ಸಿಕ್ಕುವ ತಡ. ಅರ್ಧ ಎಣಿಕೆ, ಒಂದೂವರೆ ಎಣಿಕೆ ಎಂದು ಬೆರಳಿನಲ್ಲಿ ತೋರಿಸಬಹುದು. ನಾನು ಹೇಳುತ್ತಿರುವ ತಡ ಬೆರಳಿಗೆ ಸಿಕ್ಕುವುದಲ್ಲ. ಬೇಂದ್ರೆಯವರ ಕವನವನ್ನು ಒಬ್ಬ ಹಳ್ಳಿಯ ಹಾಡುಗಾರ ಎಳೆದು ಹಾಡುವಾಗ ಮಾತ್ರೆಯ ಲೆಕ್ಕ ತಪ್ಪದೆಯೂ ಒಂದು ಜೋಲಿ ಬರುತ್ತದಲ್ಲ, ಅಂಥದು.

ಈ ಜೋಲಿ ಎಲ್ಲಿಂದ ಬಂತು ಎಂಬುದು ಒಂದು ಕುತೂಹಲದ ಕಥೆ. ಡಿಟ್ರಾಯಿಟ್ ನಗರದಲ್ಲಿ ಜೇಮ್ಸ್ ಯಾನ್ಸಿ ಎಂಬ ತರುಣನಿದ್ದ; ಜೆ ಡಿಲ್ಲಾ ಎಂದು ಹೆಸರಾದವನು; ಡಿ'ಆಂಜೆಲೊ ಹುಟ್ಟಿದ ವರ್ಷವೇ ಹುಟ್ಟಿದವನು. ಹಳೆಯ ತಟ್ಟೆಗಳ ತುಣುಕುಗಳನ್ನು ಹಿಡಿದಿಟ್ಟುಕೊಂಡು, ಗುಂಡಿ ಒತ್ತಿದರೆ ನುಡಿಸುವ ಒಂದು ಯಂತ್ರ ಅವನ ವಾದ್ಯ. ಬೆರಳು ಹಿಂದುಮುಂದಾದರೆ ಆ ಯಂತ್ರವೇ ಪೆಟ್ಟನ್ನು ಎಳೆದು ಎಣಿಕೆಯ ಗೆರೆಯ ಮೇಲೆ ಕೂರಿಸುತ್ತದೆ. ಅದಕ್ಕೆಂದೇ ಒಂದು ಸೌಲಭ್ಯವಿದೆ. ಡಿಲ್ಲಾ ಆ ಸೌಲಭ್ಯಕ್ಕೆ ಪೂರ್ತಿ ಶರಣಾಗಲಿಲ್ಲ. ಕೆಲವು ಪೆಟ್ಟುಗಳನ್ನು ಗೆರೆಯ ಮೇಲೆ ಬಿಟ್ಟು, ಕೆಲವನ್ನು ಅಷ್ಟಿಷ್ಟು ಹಿಂದೆ ಮುಂದೆ ಸರಿಸಿದ. ಯಂತ್ರಕ್ಕೆ ಮನುಷ್ಯನ ತೂಕಡಿಕೆ ಬಂತು. ಅದನ್ನು ಕೇಳಿದ ಡಿ'ಆಂಜೆಲೊ ಬೆರಗಾದ. ಗಡಿಯಾರದಂತೆ ತಪ್ಪದೆ ನುಡಿಸುವುದೇ ತನ್ನ ಹೆಮ್ಮೆ ಎಂದುಕೊಂಡಿದ್ದ ಕ್ವೆಸ್ಟ್‌ಲವ್‌ಗೆ, ಅದನ್ನು ಮರೆತು ಕುಡಿದವನ ಹಾಗೆ ನುಡಿಸು ಎಂದ. ಇದನ್ನು ಕ್ವೆಸ್ಟ್‌ಲವ್ ತಾನೇ ಹೇಳಿಕೊಂಡಿದ್ದಾನೆ. ವರ್ಷಗಟ್ಟಲೆ ಸಾಧಿಸಿದ ವಿದ್ಯೆಯನ್ನು ಒಬ್ಬ ವಾದಕ ಮರೆಯಬೇಕಾಯಿತು. ಮರೆಯುವುದೂ ಒಂದು ಸಾಧನೆಯಾಯಿತು. ಮನುಷ್ಯನನ್ನು ಅನುಕರಿಸಿದ ಯಂತ್ರವನ್ನು ಮನುಷ್ಯ ಮತ್ತೆ ಅನುಕರಿಸಿದ್ದು ಇಲ್ಲಿಯ ವಿಶೇಷ. ಬಹುಪಾಲು ವಾದ್ಯಭಾಗವನ್ನು ಎಲ್ಲರೂ ಒಂದೇ ಕಡೆ ಕೂತು ಒಟ್ಟಿಗೆ ನುಡಿಸಿದ್ದರಿಂದ ಒಬ್ಬರ ತಡವನ್ನು ಇನ್ನೊಬ್ಬರು ಕೇಳಿ, ಅದಕ್ಕೆ ತಮ್ಮ ತಡವನ್ನು ಹೊಂದಿಸಿದ್ದಾರೆ. ಆ ಹೊಂದಾಣಿಕೆಯನ್ನು ಯಾವ ಲಿಪಿಯಲ್ಲಿ ಬರೆಯಬಹುದೋ ನಾನರಿಯೆ.

ಈ ತಡಕ್ಕೂ ಶೃಂಗಾರಕ್ಕೂ ಸಂಬಂಧವಿದೆ ಎಂಬುದು ನಾನು ಹೇಳಬೇಕಾದ ಮುಖ್ಯ ಮಾತು. 'ವೂಡೂ' ಇಂದ್ರಿಯಸುಖದ ಆಲ್ಬಂ ಎಂದು ಎಲ್ಲರೂ ಹೇಳುತ್ತಾರೆ. ನಿಜ. ಆದರೆ ಆ ಸುಖ ಇರುವುದು ಮಾತಿನಲ್ಲಿ ಅಲ್ಲ. ಇದಕ್ಕಿಂತ ಬಿಚ್ಚುಮಾತಿನ ಹಾಡುಗಳು ಬೇಕಾದಷ್ಟಿವೆ. ಅವುಗಳನ್ನು ಕೇಳಿದರೆ ಬೇಸರ ಬರುತ್ತದೆ. ಇಲ್ಲಿ ಸುಖವಿರುವುದು ಬರಬೇಕಾದದ್ದು ಇನ್ನೂ ಬಾರದ ಆ ಒಂದು ಎಳೆಯಷ್ಟು ಕಾಲದಲ್ಲಿ. ಪೆಟ್ಟು ಬೀಳಬೇಕು, ಇನ್ನೂ ಬಿದ್ದಿಲ್ಲ. ಮೈ ಮುಂದಕ್ಕೆ ಬಾಗಿ ಅದಕ್ಕಾಗಿ ಕಾಯುತ್ತದೆ. ಬಿದ್ದಾಗ ಸಮಾಧಾನ, ಅಷ್ಟರಲ್ಲಿ ಮುಂದಿನದಕ್ಕೆ ಮತ್ತೆ ಕಾಯುವಿಕೆ. ಅಭಿಸಾರಿಕೆ, ವಾಸಕಸಜ್ಜಿಕೆ, ವಿರಹೋತ್ಕಂಠಿತೆ ಎಂದು ನಾಯಿಕೆಯರನ್ನು ವಿಂಗಡಿಸಿದ ನಮ್ಮ ಆಲಂಕಾರಿಕರು ಶೃಂಗಾರದ ಬಹುಭಾಗ ಕಾಯುವುದರಲ್ಲೇ ಇದೆಯೆಂದು ಚೆನ್ನಾಗಿ ಬಲ್ಲವರಾಗಿದ್ದರು.

ದನಿಯ ವಿಷಯವೂ ಹೀಗೆಯೇ. ಆತ ತನ್ನ ಕಂಠವನ್ನೇ ಮತ್ತೆ ಮತ್ತೆ ಮುದ್ರಿಸಿ ಒಂದರ ಮೇಲೊಂದು ಹೊದಿಸಿದ್ದಾನೆ. ಎತ್ತರದ ಕಳ್ಳದನಿ, ಅದರ ಕೆಳಗೆ ಪಿಸುಮಾತು, ಅದರ ಕೆಳಗೆ ನರಳಾಟದಂಥ ಮಂದ್ರ. ಒಬ್ಬನೇ ಮನುಷ್ಯ ಒಂದು ಇಗರ್ಜಿಯ ಗಾಯಕವೃಂದವಾಗಿದ್ದಾನೆ. ಆದರೆ ಆ ವೃಂದವನ್ನು ವಾದ್ಯಗಳ ಮುಂದೆ ನಿಲ್ಲಿಸಿಲ್ಲ, ನಡುವೆ ಮುಳುಗಿಸಿದ್ದಾನೆ. ಮಾತುಗಳು ಸ್ಪಷ್ಟವಾಗಿ ಕೇಳುವುದಿಲ್ಲ ಎಂಬುದು ಈ ಆಲ್ಬಮ್ಮಿನ ಮೇಲೆ ಬಂದ ದೂರುಗಳಲ್ಲೊಂದು. ಇಂಗ್ಲಿಷ್ ಮಾತೃಭಾಷೆಯಾದವರಿಗೇ ಅದು ಕಷ್ಟ. ನಮ್ಮ ಪಾಡು ಹೇಳಬೇಕಾಗಿಲ್ಲ. ಆದರೆ ಆಪ್ತರು ಹತ್ತಿರದಲ್ಲಿ ಕುಳಿತು ಆಡುವ ಮಾತು ದೂರದವರಿಗೆ ಎಂದೂ ಸ್ಪಷ್ಟವಾಗಿ ಕೇಳಿಸುವುದಿಲ್ಲ. ಕೇಳಬೇಕಾದರೆ ನಾವು ಹತ್ತಿರ ಸರಿಯಬೇಕು. ಈ ಆಲ್ಬಂ ಕೇಳುಗನಿಂದ ಬಯಸುವುದು ಅಷ್ಟನ್ನೇ.

13 ಹಾಡುಗಳು, ಸುಮಾರು 79 ನಿಮಿಷ. ಎಲ್ಲವೂ ಪ್ರಣಯದ ಹಾಡುಗಳಲ್ಲ. 'ಡೆವಿಲ್ಸ್ ಪೈ' ಎಂಬ ಎರಡನೆಯ ಹಾಡನ್ನು ಸೈತಾನ ಬಡಿಸಿದ ಕಡುಬು ಎಂದು ಕನ್ನಡಿಸಬಹುದು. ಹಣದ ಆಸೆಗೆ ತಟ್ಟೆಯೊಡ್ಡಿ ನಿಂತವರ ಸಾಲಿನಲ್ಲಿ ತಾನೂ ಇದ್ದೇನೆಂದು ಹೇಳುವ ಕಟುವಾದ ಹಾಡು. 'ಸೆಂಡ್ ಇಟ್ ಆನ್' ನಿಧಾನದ, ಕರುಣೆಯ ಹಾಡು. ಅದರ ರಚನೆಯಲ್ಲಿ ಗಾಯಕಿ ಆಂಜಿ ಸ್ಟೋನ್ ಅವರ ಪಾಲಿದೆ. ಅವರೂ 2025ರ ಮಾರ್ಚಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. 'ದಿ ರೂಟ್' ಎಂಬುದು ಹೆಣ್ಣೊಬ್ಬಳ ಮಾಟಕ್ಕೆ ಸಿಕ್ಕಿದವನ ಹಾಡು. ಚಾರ್ಲಿ ಹಂಟರನ ಗಿಟಾರು ಅದರಲ್ಲಿ ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತದೆ. 'ಸ್ಪ್ಯಾನಿಶ್ ಜಾಯಿಂಟ್' ಲ್ಯಾಟಿನ್ ಅಮೆರಿಕದ ಚುರುಕು ನಡೆಯದು. ಇನ್ನೊಂದು, ರಾಬರ್ಟಾ ಫ್ಲ್ಯಾಕ್ 1974ರಲ್ಲಿ ಹಾಡಿ ಜನಪ್ರಿಯಗೊಳಿಸಿದ ಗೀತೆ. ತಾನು ಹುಟ್ಟಿದ ವರ್ಷದ ಹಾಡನ್ನು ಆತ ತನ್ನ ಜೋಲಿಯಲ್ಲಿ ಮತ್ತೆ ಹಾಡಿದ್ದಾನೆ. ಎಲ್ಲವೂ ಸಮವಾಗಿವೆ ಎಂದು ನಾನು ಹೇಳಲಾರೆ. ಇಬ್ಬರು ರ‍್ಯಾಪ್ ಗಾಯಕರು ಬಂದು ಸೇರುವ 'ಲೆಫ್ಟ್ ಅಂಡ್ ರೈಟ್' ಎಂಬ ಮೂರನೆಯ ಹಾಡು ಗಂಡಸಿನ ಬಡಾಯಿಯನ್ನೇ ಶೃಂಗಾರವೆಂದು ಬಗೆದದ್ದು. ಉಳಿದ ಹಾಡುಗಳ ಸೂಕ್ಷ್ಮದ ಪಕ್ಕದಲ್ಲಿ ಅದು ಹೊರಗಿನ ಗದ್ದಲ.

ಆಲ್ಬಮ್ಮಿನ ಹೆಸರಿನ ವಿಷಯ ಒಂದು ಮಾತು. ವೂಡೂ ಎಂದರೆ ಮಾಟಮಂತ್ರ ಎಂಬ ಅರ್ಥವನ್ನು ಬಿಳಿಯರ ಕಥೆಗಳೂ ಸಿನಿಮಾಗಳೂ ಬಳಕೆಗೆ ತಂದವು. ನಿಜದಲ್ಲಿ ಅದು ಪಶ್ಚಿಮ ಆಫ್ರಿಕದಿಂದ, ಈಗಿನ ಬೆನಿನ್ ದೇಶದ ಸುತ್ತಿನಿಂದ, ಗುಲಾಮರಾಗಿ ಸಾಗಿಸಲ್ಪಟ್ಟ ಜನ ತಮ್ಮೊಡನೆ ಕೊಂಡೊಯ್ದ ಧರ್ಮ. ಹೈಟಿಯಲ್ಲಿಯೂ ಲೂಸಿಯಾನದಲ್ಲಿಯೂ ಅದು ಬೇರುಬಿಟ್ಟಿತು. ಮದ್ದಳೆಯ ಸದ್ದಿಗೆ ದೈವ ಭಕ್ತನ ಮೈಮೇಲೆ ಬರುವುದು ಅದರ ಆರಾಧನೆಯ ಹೃದಯ. ತುಳುನಾಡಿನ ಭೂತಾರಾಧನೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೆಂಟಕಾಸ್ಟಲ್ ಬೋಧಕನ ಮಗ ಈ ಹೆಸರನ್ನು ಆರಿಸಿಕೊಂಡದ್ದು ಸಣ್ಣ ಸಾಹಸವಲ್ಲ. ಇಗರ್ಜಿಯಲ್ಲಿ ಪವಿತ್ರಾತ್ಮ ಎಂದು ಕರೆದದ್ದೂ, ಅದೇ ಇಗರ್ಜಿ ದೆವ್ವವೆಂದು ದೂರವಿಟ್ಟದ್ದೂ ಮೈಗೆ ಬರುವಾಗ ಒಂದೇ ದಾರಿಯಲ್ಲಿ, ಲಯದ ದಾರಿಯಲ್ಲಿ, ಬರುತ್ತವೆ ಎಂದು ಆತನಿಗೆ ಅನ್ನಿಸಿರಬೇಕು. ಹಾಗಾದರೆ ಈ ಆಲ್ಬಮ್ಮಿನ ದೇಹ ಬರಿಯ ಭೋಗದ ದೇಹವಲ್ಲ. ದೈವ ಬಂದು ನಿಲ್ಲುವ ಜಾಗವೂ ಹೌದು.

ಇಷ್ಟೆಲ್ಲವನ್ನೂ ಒಂದು ಚಿತ್ರ ಮರೆಸಿತು.

ಹನ್ನೆರಡನೆಯ ಹಾಡು 'ಅನ್‌ಟೈಟಲ್ಡ್', ಅಂದರೆ ಹೆಸರಿಲ್ಲದ್ದು. ರಾಫೆಲ್ ಸಾದಿಕ್ ಎಂಬ ಸಂಗೀತಗಾರನೊಡನೆ ಸೇರಿ ರಚಿಸಿದ್ದು, ಏಳು ನಿಮಿಷದ್ದು, ಆರರ ನಡೆಯಲ್ಲಿ ಬಲು ನಿಧಾನವಾಗಿ ಹೊರಟು, ಕೊನೆಯಲ್ಲಿ ದನಿಯೆಲ್ಲ ಕೂಗಾಗಿ ಮೇಲೇರುವಂಥದು. ಇದಕ್ಕಾಗಿ ಒಂದು ಚಿತ್ರ ತೆಗೆದರು. ಕಪ್ಪು ಹಿನ್ನೆಲೆ, ಬಟ್ಟೆಯಿಲ್ಲದ ಗಾಯಕ, ಸೊಂಟದಿಂದ ಮೇಲಕ್ಕೆ ಮಾತ್ರ ಕಾಣುವಂತೆ, ಕ್ಯಾಮೆರಾ ಆತನ ಮುಖ, ಭುಜ, ಎದೆಗಳ ಮೇಲೆ ನಿಧಾನವಾಗಿ ಸರಿಯುತ್ತದೆ. ಬೇರೇನೂ ಇಲ್ಲ. ಪಾಲ್ ಹಂಟರ್ ನಿರ್ದೇಶಿಸಿದ ಈ ಚಿತ್ರ ಟೆಲಿವಿಷನ್ನಿನಲ್ಲಿ ಬಂದದ್ದೇ ತಡ, ಅಮೆರಿಕದಲ್ಲೆಲ್ಲ ಅದೇ ಮಾತಾಯಿತು. ಆಲ್ಬಂ ಮಾರಾಟದ ಪಟ್ಟಿಯ ತುದಿಗೇರಿತು. 2001ರಲ್ಲಿ ಎರಡು ಗ್ರ್ಯಾಮಿ ಪ್ರಶಸ್ತಿಗಳು ಬಂದವು.

ಆದರೆ 2000ದಲ್ಲಿ ಊರೂರು ತಿರುಗಿ ಹಾಡತೊಡಗಿದಾಗ ಆದದ್ದೇ ಬೇರೆ. ಐದು ವರ್ಷ ತಪಸ್ಸು ಮಾಡಿ ಕಟ್ಟಿದ ಸಂಗೀತವನ್ನು ದೊಡ್ಡ ವಾದ್ಯವೃಂದದೊಡನೆ ಕೇಳಿಸಲು ಆತ ವೇದಿಕೆಗೆ ಬಂದರೆ, ಸಭೆಯಿಂದ ಬಟ್ಟೆ ಬಿಚ್ಚು ಎಂಬ ಕೂಗು ಏಳುತ್ತಿತ್ತು. ಮೊದಮೊದಲು ಸೈರಿಸಿದ. ಆಮೇಲೆ ಆ ಕೂಗು ಆತನನ್ನು ತಿನ್ನತೊಡಗಿತು. ಚಿತ್ರದಲ್ಲಿ ಕಂಡ ಮೈಗೆ ಸರಿಯಾಗಿ ತನ್ನ ಮೈ ಇದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ವೇದಿಕೆಗೆ ಬರುವುದೇ ತಡವಾಗುತ್ತಿತ್ತು. ಈ ತಡ ಲಯದ ತಡವಲ್ಲ.

ಚಿತ್ರಕ್ಕೆ ಒಪ್ಪಿದವನು ಆತನೇ, ಅದರ ಲಾಭ ಉಂಡವನು ಆತನೇ, ಆಮೇಲೆ ಅಳುವುದೇಕೆ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುವಾಗ ಆತ ಹುಟ್ಟಿದ ಊರನ್ನು ನೆನೆಯಬೇಕೆನಿಸುತ್ತದೆ. 1865ರವರೆಗೆ ರಿಚ್‌ಮಂಡ್ ನಗರ ಅಮೆರಿಕದ ಗುಲಾಮರ ವ್ಯಾಪಾರದ ಅತಿದೊಡ್ಡ ಕೇಂದ್ರಗಳಲ್ಲೊಂದಾಗಿತ್ತು. ಅಲ್ಲಿ ಕಪ್ಪು ಮನುಷ್ಯರನ್ನು ಜಗಲಿಯ ಮೇಲೆ ನಿಲ್ಲಿಸಿ, ಮೈ ಮುಟ್ಟಿ ನೋಡಿ, ಹರಾಜು ಕೂಗುತ್ತಿದ್ದರು. ಅಭಿಮಾನಿಗಳ ಕೂಗೂ ಹರಾಜಿನ ಕೂಗೂ ಒಂದೇ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಆ ಗುಲಾಮರಿಗೂ ಈ ಅಭಿಮಾನಿಗಳಿಗೂ ಅನ್ಯಾಯ. ಆದರೆ ದನಿಯನ್ನು ಬಿಟ್ಟು ಮೈಯನ್ನು ಮಾತ್ರ ಬೇಡುವ ಕೂಗು ಅಂಥ ಊರಿನ ಮಗನ ಕಿವಿಗೆ ಬರಿಯ ಮೆಚ್ಚುಗೆಯಾಗಿ ಕೇಳಿಸುವುದು ಕಷ್ಟ. ಮೈಯ ಅನುಭವವನ್ನು ಕಿವಿಯ ಮೂಲಕ ದಾಟಿಸಲು ಹೊರಟವನಿಗೆ ಸಿಕ್ಕಿದ್ದು ತನ್ನ ಮೈಯನ್ನೇ ನೋಡುವ ಕಣ್ಣುಗಳು. ಕೇಳುವುದಕ್ಕೆ 79 ನಿಮಿಷ ಬೇಕು. ನೋಡುವುದಕ್ಕೆ ಒಂದು ಕ್ಷಣ ಸಾಕು. ಸಭೆ ಸುಲಭವಾದದ್ದನ್ನು ಆರಿಸಿಕೊಂಡಿತು.

ಆ ಪ್ರವಾಸ ಮುಗಿದ ಮೇಲೆ ಆತ ಬಹುಮಟ್ಟಿಗೆ ಮರೆಯಾದ. ಕುಡಿತ, ಮಾದಕವಸ್ತು, ಪೊಲೀಸು, 2005ರಲ್ಲಿ ಪ್ರಾಣಕ್ಕೆ ಬಂದ ಒಂದು ಕಾರು ಅಪಘಾತ. ವಿವರಗಳನ್ನು ಹೇಳಿ ಆ ನೋವನ್ನು ಇನ್ನೊಂದು ಪ್ರದರ್ಶನವಾಗಿಸುವುದು ನನಗೆ ಇಷ್ಟವಿಲ್ಲ. 2012ರಲ್ಲಿ ಯೂರೋಪಿನ ವೇದಿಕೆಗಳಲ್ಲಿ ಆತ ಮತ್ತೆ ಕಾಣಿಸಿಕೊಂಡ. 2014ರ ಡಿಸೆಂಬರಿನಲ್ಲಿ, ಎರಡನೆಯದಾದ ಸುಮಾರು ಹದಿನೈದು ವರ್ಷಗಳ ಮೇಲೆ, 'ಬ್ಲ್ಯಾಕ್ ಮೆಸ್ಸೈಯ' ಎಂಬ ಮೂರನೆಯ ಆಲ್ಬಂ ಬಂತು. ಪೊಲೀಸರ ಕೈಯಲ್ಲಿ ಕಪ್ಪು ಜನರು ಸತ್ತದ್ದಕ್ಕೆ ಅಮೆರಿಕದ ಬೀದಿಗಳಲ್ಲಿ ಪ್ರತಿಭಟನೆಗಳು ಎದ್ದಿದ್ದ ಕಾಲ ಅದು. ಆ ಹೊತ್ತಿಗೆ ಬರಲೆಂದೇ ಅದನ್ನು ಬೇಗ ಹೊರತಂದರು. ಅದರ ಹೊದಿಕೆಯ ಮೇಲೆ ಗಾಯಕನ ಮೈಯಾಗಲಿ ಮುಖವಾಗಲಿ ಇಲ್ಲ. ಇರುವುದು ಮೇಲಕ್ಕೆತ್ತಿದ ಅನೇಕ ಕೈಗಳು. ಆತ ಬಾಳಿರುವವರೆಗೆ ಬಂದ ಪೂರ್ಣ ಆಲ್ಬಮ್ಮುಗಳು ಈ ಮೂರೇ.

ಇತ್ತ, ಆತ ಮರೆಯಲ್ಲಿದ್ದಾಗಲೂ 'ವೂಡೂ' ತನ್ನ ಕೆಲಸ ಮಾಡುತ್ತಲೇ ಇತ್ತು. ಡಿಲ್ಲಾ 2006ರಲ್ಲಿ, 32 ತುಂಬಿ ಮೂರು ದಿನಕ್ಕೆ, ತೀರಿಕೊಂಡ. ಅವನ ಯಂತ್ರ ಈಗ ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಚರಿತ್ರೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಆ ತಡಲಯವನ್ನು ಕುರಿತು ಡಾನ್ ಚಾರ್ನಾಸ್ ಎಂಬ ಲೇಖಕ 2022ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಜಾಸ್ ವಾದಕರು ಅದನ್ನು ಅಭ್ಯಾಸ ಮಾಡುತ್ತಾರೆ. ಗಡಿಯಾರದಂತೆ ನುಡಿಸಲು ಕಲಿತ ಹೊಸ ಡ್ರಮ್ ವಾದಕರು ಅದನ್ನು ಮರೆಯಲು ಕಲಿಯುತ್ತಾರೆ. ಚಿತ್ರದ ಗದ್ದಲ ಅಡಗಿದ ಮೇಲೆ ಉಳಿದದ್ದು ಲಯ. ಇದು ನ್ಯಾಯವೆಂದೇ ನನ್ನ ಭಾವನೆ. ತಡವಾಗಿ ಬಂದ ನ್ಯಾಯ.

ಮಿತ್ರರೆ, ಈ ಆಲ್ಬಂ ನಿಮಗೆ ಸಿಕ್ಕಿದರೆ ರಾತ್ರಿಯ ಹೊತ್ತು, ಸಾಧ್ಯವಾದರೆ ದೀಪ ಆರಿಸಿ, ಮೊದಲಿನಿಂದ ಕೊನೆಯವರೆಗೆ ಕೇಳಿ. ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಿ. ಹೆಸರಿಲ್ಲದ ಆ ಹನ್ನೆರಡನೆಯ ಹಾಡು ಮುಗಿಯುವುದಿಲ್ಲ. ದನಿಗಳೆಲ್ಲ ಅತ್ಯುಚ್ಚಕ್ಕೆ ಏರಿರುವಾಗ, ಸಾಲಿನ ನಡುವೆ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಥಟ್ಟನೆ ನಿಲ್ಲುತ್ತದೆ. ಅಷ್ಟು ಹೊತ್ತು ಕಾಯಿಸಿದವನು ಕೊನೆಯ ಪೆಟ್ಟನ್ನು ಕೊಡುವುದೇ ಇಲ್ಲ. ಅನೇಕರು ಆಲ್ಬಂ ಅಲ್ಲಿಗೆ ಮುಗಿಯಿತೆಂಬಂತೆ ಮಾತನಾಡುತ್ತಾರೆ. ಆದರೆ ಆ ಮೌನದ ಆಚೆ ಇನ್ನೊಂದು ಹಾಡಿದೆ. 'ಆಫ್ರಿಕ' ಎಂದು ಅದರ ಹೆಸರು. ಸಣ್ಣ ಗಂಟೆಗಳನ್ನು ಮೀಟಿದಂಥ ನಾದ. ಅದರ ನಡುವೆ ಹಿರಿಯರ ನೆಲವನ್ನೂ ತನಗೆ ಹುಟ್ಟಿದ ಕೂಸನ್ನೂ ನೆನೆಯುವ ಮೆಲುದನಿ. ನೋಡಲು ಬಂದವರು ಅಷ್ಟು ಹೊತ್ತಿಗೆ ಎದ್ದು ಹೋಗಿರುತ್ತಾರೆ. ಆ ಹಾಡು ಕೂತು ಕೇಳುವವರಿಗಾಗಿ ಇದೆ.